ಕೊನೆಯ ಅಕ್ಷರಕ್ಕೆ ಒತ್ತು

ಮೇಷ್ಟ್ರ ಶಿಷ್ಯರೇ, ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ಶ್ರೀಮತಿಯವರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ಹನ್ನೊಂದು ವರ್ಷ ಮೇಷ್ಟ್ರು ನಮ್ಮ ಭಾಷಾಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಿದರು. ಪಕ್ಕದ ಕೋಣೆಯಲ್ಲಿ ನನ್ನದು ಫ್ರೆಂಚ್. ನಡುವೆ ಒಂದು ಪ್ಲೈವುಡ್ ಗೋಡೆ, ಅಷ್ಟೇ. ಅವರ ಭೂತಕಾಲದ ಪಾಠ ನನ್ನ ತರಗತಿಯ ಮಕ್ಕಳಿಗೂ ಬಾಯಿಪಾಠ — ಅಬ್ಲೇ, ಅಬ್ಲಾಸ್ತೆ, ಅಬ್ಲೋ: ನಾನು, ನೀನು, ಅವನು ಮಾತಾಡಿದ್ದು.

"ಇವು ಮರ್ಯಾದಸ್ಥ ಕ್ರಿಯಾಪದಗಳು ಕಣ್ರಪ್ಪಾ, ಬಾಲ ಬದಲಾಗುತ್ತೆ, ಬುಡ ಅಲ್ಲಾಡಲ್ಲ" ಎನ್ನುತ್ತಿದ್ದರು. ಕನ್ನಡದಲ್ಲಿ ನಾನೂ 'ಮಾತಾಡಿದೆ', ನೀನೂ 'ಮಾತಾಡಿದೆ'. ಅಲ್ಲಿ ಹಾಗಲ್ಲ — ಯಾರು ಮಾತಾಡಿದ್ದೆಂದು ಕ್ರಿಯಾಪದವೇ ಹಿಡಿದುಕೊಡುತ್ತದೆ.

ಹೋದ ವರ್ಷ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆದರು. ನಾಲ್ಕು ತಿಂಗಳಿಗೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮೇಷ್ಟ್ರು ಮತ್ತೆ ಪಾಠಕ್ಕೆ ಬಂದೇಬಿಟ್ಟರು.

ಆಬ್ಲೊ — ಒತ್ತು ಮೊದಲಿಗೆ ಬಿದ್ದರೆ, ನಾನು ಮಾತಾಡುತ್ತೇನೆ. ಅಬ್ಲೋ — ಒತ್ತು ಕೊನೆಗೆ ಬಿದ್ದರೆ, ಅವನು ಮಾತಾಡಿದ. ದನಿಯಿಲ್ಲದವರು ಇದನ್ನು ಕಲಿಸುವುದು ಹೇಗೆ? ಡಸ್ಟರ್ ಹಿಡಿದು ಮೇಜಿನ ಮೇಲೆ — ಹೀಗೆ — ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಆ ಏಟಿಗೆ ಸರಿಯಾಗಿ ಇಡೀ ತರಗತಿ ಹೇಳುತ್ತಿತ್ತು. ಒಬ್ಬರೂ ತಪ್ಪುತ್ತಿರಲಿಲ್ಲ.

ಆದರೂ ದನಿಯಿಲ್ಲದೆ ಪಾಠ ನಡೆದೀತೇ ಎಂದು ಪ್ರಿನ್ಸಿಪಾಲರಿಗೆ ಅನುಮಾನ. ನನ್ನನ್ನು ಕರೆಸಿ ಕೇಳಿದರು. ನಾನು — ಇದನ್ನು ಮೇಷ್ಟ್ರ ಮನೆಯವರ ಎದುರಿಗೇ ಹೇಳಬೇಕು — ಆ ಸದ್ದಿನಿಂದ ನನ್ನ ಪಾಠಕ್ಕೆ ತೊಂದರೆ ಎಂದೆ. ಮೇಷ್ಟ್ರಿಗೂ ವಿಶ್ರಾಂತಿ ಸಿಗಲಿ ಎಂದು ಸೇರಿಸಿದೆ. ಅದು ಬರೀ ಬಾಯಿಮಾತು.

ಮರುದಿನವೇ ಅವರನ್ನು ತರಗತಿಯಿಂದ ತೆಗೆದು ಗ್ರಂಥಾಲಯಕ್ಕೆ ಹಾಕಿದರು. ಸಂಜೆ ಮೇಷ್ಟ್ರು ನನ್ನ ಕೋಣೆಗೆ ಬಂದು ಚೀಟಿಯಲ್ಲಿ ಬರೆದರು: "ನಿಮಗೇನಾದ್ರೂ ತೊಂದ್ರೆ ಆಗ್ತಿತ್ತಾ?"

"ಇಲ್ಲ ಸರ್, ಛೇ" ಎಂದೆ.

ನನ್ನ ಭುಜ ತಟ್ಟಿ ಹೊರಟುಹೋದರು. ಆಮೇಲೆ ಅವರು ಬದುಕಿದ್ದು ಐದೇ ವಾರ. ಆ ಐದು ವಾರ ಗೋಡೆಯಾಚೆ ನಿಶ್ಶಬ್ದ. ನನ್ನ ಪಾಠ ಮಾತ್ರ ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ.

ನಿನ್ನೆ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅಮ್ಮನವರು ಹೇಳಿದರು: "ಅವ್ರಿಗೆ ಗೊತ್ತಿತ್ತಪ್ಪ. ಯಾರ ಹತ್ರನೂ ಆಡ್ಬೇಡ, ಅವ್ನು ಅಲ್ಲೇ ಕೆಲ್ಸ ಮಾಡ್ಬೇಕಲ್ಲ ಅಂತ ಬರ್ದು ತೋರಿಸಿದ್ರು."

ಅವರು ನನ್ನ ಮಾನ ಮುಚ್ಚಿದರು. ನನಗೆ ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೇಷ್ಟ್ರನ್ನು ನೆನೆಯೋಣ. ಅಮ್ಮಾ, ನೀವು ಕುಳಿತೇ ಇರಿ. ನಾವು ನಿಲ್ಲುತ್ತೇವೆ.