ಪೂಜೆಗಿಟ್ಟ ಸುತ್ತಿಗೆ

ದಸರೆಗೆ ಇನ್ನೊಂದು ವಾರವಿತ್ತು. ನಾನು, ಚಂದ್ರು, ಅನನ್ಯ ಮೂವರೂ ಇಲವಾಲದ ಆಚೆ ಮಹದೇವಯ್ಯನವರ ಶೆಡ್ಡಿಗೆ ಹೋದಾಗ ಸಂಜೆ ಆರೂವರೆ. ಹಳೆಯ ಕಾರುಗಳ ಹುಚ್ಚು ನಮ್ಮ ಮೂವರಿಗೂ ಇದೆ, ನನಗೆ ಸ್ವಲ್ಪ ಹೆಚ್ಚು. ಆ ಶೆಡ್ಡಿನಲ್ಲಿ ಎಂಬತ್ತರ ದಶಕದ ಜಪಾನಿ ಸ್ಪೋರ್ಟ್ಸ್ ಕೂಪೆಯೊಂದು ಟಾರ್ಪಾಲಿನ ಕೆಳಗೆ ನಿಂತಿದೆ, ಎರಡೇ ಬಾಗಿಲು, ಮುಂದಿನ ದೀಪಗಳು ಬಾನೆಟ್ಟಿನೊಳಗೆ ಮಲಗಿರುತ್ತವೆ, ಸ್ವಿಚ್ ಒತ್ತಿದರೆ ರೆಪ್ಪೆ ತೆರೆದಂತೆ ಮೇಲೇಳುತ್ತವೆ ಎಂದು ಯಾರೋ ಹೇಳಿದ್ದೇ ತಡ, ನನ್ನ ನಿದ್ದೆ ಹಾರಿಹೋಗಿತ್ತು. ಈ ಆಯುಧಪೂಜೆಗೆ ಅದು ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದೆ ಹೂವಿನ ಹಾರ ಹಾಕಿಕೊಂಡು ನಿಲ್ಲಬೇಕು ಎಂಬುದು ನನ್ನ ಆಸೆ. ನಮ್ಮ ಮನೆಯಲ್ಲಿ ಕಾರೇ ಇಲ್ಲ. ಅಪ್ಪ ನಾನು ಹುಟ್ಟುವ ಮೊದಲೇ ಗಾಡಿ ಓಡಿಸುವುದನ್ನು ಬಿಟ್ಟವರು. ಆಯುಧಪೂಜೆಯ ದಿನವಂತೂ ಹೊಸ್ತಿಲು ದಾಟುವುದಿಲ್ಲ. ಅದಕ್ಕೇ ಅವರಿಗೆ ಹೇಳದೆ ಬಂದಿದ್ದೆ.

ನಾವು ಒಳಗೆ ಕಾಲಿಡುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಕರೆಂಟು ಹೋಯಿತು. ನಾನು ಮೊಬೈಲಿನ ಟಾರ್ಚ್ ಹಾಕಿ ಟಾರ್ಪಾಲಿನ ಅಂಚು ಎತ್ತಿದೆ. ಮಹದೇವಯ್ಯ ಕಾರಿನ ಕಡೆ ನೋಡಲಿಲ್ಲ, ನನ್ನ ಕೈ ನೋಡಿದರು.

"ಎಡಗೈನಾ ನಿಮ್ದು?"

"ಹೌದು. ಅಪ್ಪಂದೂ ಹಾಗೇ" ಎಂದೆ.

ಎಪ್ಪತ್ತು ದಾಟಿದ ಮುದುಕರು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು. ಆ ಕೈಯಲ್ಲಿ ಒಂದು ಸುತ್ತಿಗೆ ಇತ್ತು. ನಾವು ಬಂದಾಗಿನಿಂದ ಅದನ್ನು ಕೆಳಗಿಟ್ಟಿರಲಿಲ್ಲ. ಎಡಗೈಯಲ್ಲೇ ಲಾಟೀನು ಹಚ್ಚಿ, ಡ್ರಮ್ಮಿನ ಮೇಲೆ ಕೂತು, ನಮಗೆ ಹಳೆಯ ಟಯರುಗಳನ್ನು ತೋರಿಸಿದರು.

"ಕಾರು ಎಲ್ಲಿಗೂ ಹೋಗಲ್ಲ. ಮಳೆ ನಿಲ್ಲೋವರೆಗೆ ಕೂತ್ಕೊಳಿ" ಎಂದು ಶುರು ಮಾಡಿದರು.

"ಮೊಬೈಲ್ ನೋಡ್ಕೊಂಡು ಗಾಡಿ ಕೆಲಸ ಕಲ್ತಿರೋ ಜನ ನೀವು, ದೆವ್ವ ಗಿವ್ವ ಅಂದ್ರೆ ನಗ್ತೀರಿ... ನಗಿ, ನಾನೂ ನಕ್ಕೋನೇ. ತೊಂಬತ್ತೆರಡನೇ ಇಸವಿ ಕಣ್ರಪ್ಪಾ. ಆವಾಗ ವಿಜಯನಗರ ಅಂದ್ರೆ ಬರೀ ಸೈಟು, ಕಲ್ಲುಕಂಬ, ಹುರುಳಿ ಹೊಲ. ಅಲ್ಲೊಂದು ಶೆಡ್ಡಲ್ಲಿ ನನ್ನ ಟಿಂಕರಿಂಗ್ ಅಂಗಡಿ. ಗುದ್ದಿಸ್ಕೊಂಡು ಬಂದ ಗಾಡೀನ ಬಡಿದು ಬಡಿದು ಷೋರೂಮಿಂದ ಈಗ ಇಳಿದಂಗೆ ಮಾಡೋನು ಮೈಸೂರಿಗೆ ನಾನೊಬ್ನೇ ಅಂತ ನನಗೆ ಜಂಬ. ಶೆಡ್ಡು ನಂದಲ್ಲ, ಎಣ್ಣೆ ಮಿಲ್ಲಿನ ಸಾಹುಕಾರಂದು. ಆ ಸಾಹುಕಾರನ ಮಗ ಸುಂದರೇಶ, ಅವನಿಗೆ ದುಬೈನಲ್ಲಿದ್ದ ಸೋದರಮಾವ ಹಡಗಲ್ಲಿ ಕಳಿಸಿದ್ದೇ ಈ ಕಾರು. ಪೇಟೇಲಿ ಇದು ಕಣ್ಣು ಬಿಡೋದ ನೋಡೋಕೆ ಮಕ್ಳು ಹಿಂದೆ ಓಡೋವು...

"ಅವತ್ತು ಆಯುಧಪೂಜೆ. ಆಯುಧಪೂಜೆ ದಿನ ನಮ್ಮಂಥೋರು ಏನ್ ಮಾಡ್ತೀವಿ ಹೇಳಿ? ಸುತ್ತಿಗೆ, ಉಳಿ, ಸ್ಪ್ಯಾನರು ಎಲ್ಲಾ ತೊಳ್ದು, ಮಣೆ ಮೇಲಿಟ್ಟು, ಕುಂಕುಮ ಹಚ್ಚಿ, ಹೂವಿಟ್ಟು, ಕೈ ಮುಗ್ದು ಬುಟ್ಬುಡ್ತೀವಿ. ವರ್ಷವೆಲ್ಲಾ ಏಟು ತಿಂದ ಕಬ್ಬಿಣಕ್ಕೆ ಅವತ್ತೊಂದಿನ ವಿಶ್ರಾಂತಿ. ಮಾರನೇ ದಿನದವರೆಗೂ ಮುಟ್ಟಂಗಿಲ್ಲ. ಅವತ್ತು ಎತ್ತಿದ್ರೆ ಮತ್ತೆ ಇಳ್ಸೋಕಾಗಲ್ಲ ಕಣೋ ಅಂತ ನಮ್ಮಪ್ಪ ಹೇಳೋನು. ಹಳೇ ಕಾಲದೋರ ಮಾತು ಅಂದ್ಕೊಂಡಿದ್ದೆ.

"ಬೆಳಗ್ಗೆ ಆರೋ ಆರೂವರೆಯೋ, ಮಂಗಳಾರತಿ ತಟ್ಟೆ ಇನ್ನೂ ಕೆಳಗಿಟ್ಟಿಲ್ಲ, ಈ ಕಾರು ಬಂತು. ಬಾನೆಟ್ಟು ಒಳಕ್ಕೆ ಹೋಗಿತ್ತು, ಒಂದು ಮೊರದಷ್ಟಗಲ. ಸುಂದರೇಶ ಇಳಿದ, ಪಕ್ಕದ ಸೀಟಿಂದ ಅವನ ಸ್ನೇಹಿತನೊಬ್ಬ ಇಳಿದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಹೆಸರು ಯಾರೂ ಹೇಳಲಿಲ್ಲ. 'ಎಮ್ಮೆಕರ ಅಡ್ಡ ಬಂತು ಮಹದೇವಯ್ಯ, ಸಂಜೆಯೊಳಗೆ ಸರಿಯಾಗ್ಬೇಕು' ಅಂದ ಸುಂದರೇಶ. ಇವತ್ತು ಸುತ್ತಿಗೆ ಮುಟ್ಟಲ್ಲ ಸ್ವಾಮಿ ಅಂದೆ. 'ಹಾಗಾದ್ರೆ ನಾಳೆ ಶೆಡ್ಡು ಖಾಲಿ ಮಾಡು' ಅಂದ. ನನ್ನ ಎಂಡ್ರು ಬಸುರಿ ಆವಾಗ... ಬಗ್ಗಿ ನೋಡ್ದೆ. ಬಾನೆಟ್ಟಿನ ಸಂದೀಲಿ ಚೆಂಡು ಹೂವಿನ ಎಸಳು, ಬೊಗಸೆ ತುಂಬ. ಅದ್ರ ಜೊತೆ ಹಸಿರು ಗಾಜಿನ ಬಳೆ ಚೂರು. ಎಮ್ಮೆಕರ ಬಳೆ ತೊಡ್ತದಾ? ನೀವೇ ಹೇಳಿ!

"ಕೇಳ್ಬೇಕಾಗಿತ್ತು, ಕೇಳಲಿಲ್ಲ. ಸುತ್ತಿಗೆ ಮೇಲಿದ್ದ ಹೂವ ಪಕ್ಕಕ್ಕೆ ಸರಿಸಿ ಎತ್ಕೊಂಡೆ. ಇದೇ ಸುತ್ತಿಗೆ, ನೋಡಿ. ಪುರುಸೊತ್ತಿರಲಿಲ್ಲ, ಅರ್ಧ ಬಡಿದು, ಉಳಿದ ಗುಂಡಿಗೆ ಪುಟ್ಟಿ ತುಂಬಿದೆ, ಗೋಡೆ ಸಂದಿಗೆ ತುಂಬ್ತಾರಲ್ಲ ಅಂಥದ್ದೇ. ಮುತ್ತೈದೆ ಬಳೆ ಚೂರು... ಬೀದಿಗೆ ಎಸೆಯೋಕೆ ಕೈ ಬರಲಿಲ್ಲ, ಮನೇಗೆ ಒಯ್ಯೋಕೆ ಧೈರ್ಯ ಬರಲಿಲ್ಲ. ಪುಟ್ಟಿಯೊಳಗೇ ಒತ್ಬುಟ್ಟು ಮೇಲೆ ಕೆಂಪು ಬಣ್ಣ ಹೊಡ್ದೆ. ಅಷ್ಟೊತ್ತೂ ಆ ಇನ್ನೊಬ್ಬ ನನಗೆ ಟಾರ್ಚ್ ಹಿಡಿದಿದ್ದ. ಎಡಗೈಲಿ. ಒಂದು ಸಲಾನೂ ಆ ಕೈ ನಡುಗಲಿಲ್ಲ ಕಣ್ರಪ್ಪಾ.

"ಮಾರನೇ ದಿನ ಗೊತ್ತಾಯ್ತು. ಚೆಲುವಮ್ಮ ಅಂತ, ಇಲ್ಲೇ ಇಲವಾಲದೋಳು. ಗಾಡಿಗಳಿಗೆ ಕಟ್ಟೋ ಚೆಂಡು ಹೂವಿನ ಹಾರ ಬುಟ್ಟೀಲಿ ಹೊತ್ಕೊಂಡು ಮೊದಲನೇ ಬಸ್ಸಿಗೆ ಅಂತ ಬೇವಿನ ಮರದ ತಿರುವಲ್ಲಿ ನಿಂತಿದ್ಳು. ನೀವು ಬರೋವಾಗ ದಾಟ್ಕೊಂಡು ಬಂದ್ರಲ್ಲ, ಅದೇ ತಿರುವು. ಗುದ್ದಿದ ಏಟಿಗೆ ಸಾಯ್ಲಿಲ್ಲ ಅವಳು. ಒಂದು ಗಂಟೆ ರಸ್ತೇಲಿ ಬಿದ್ದಿದ್ಳು. ಆಸ್ಪತ್ರೆಗೆ ಹಾಕಿದ್ರೆ ಬದುಕೋಳು. ಹಾಲಿನ ವ್ಯಾನಿನೋನು ಎತ್ತಿದಾಗ ಎರಡೇ ಮಾತು ಹೇಳಿ ಪ್ರಾಣ ಬುಟ್ಳಂತೆ. ಕಾರು ಕಣ್ಣು ಬಿಟ್ಟು ನನ್ನ ನೋಡ್ತು ಅಂದ್ಳಂತೆ. ಪಕ್ಕದಲ್ಲಿ ಕೂತಿದ್ದೋನು 'ನಡಿಯೋ, ಯಾರೂ ನೋಡಿಲ್ಲ' ಅಂದ, ನಾನು ಕೇಳಿಸ್ಕೊಂಡೆ ಅಂದ್ಳಂತೆ. ತಲೆಗೆ ಏಟು ಬಿದ್ದು ಬಡಬಡಿಸ್ತಾವ್ಳೆ ಅಂದ್ಕೊಂಡ್ರು ಜನ. ಊರೋರಿಗೆ ಇಂಥ ಕಾರು ಐತೆ ಅಂತ ಗೊತ್ತಿರಲಿಲ್ಲ, ಪೇಟೆಯೋರಿಗೆ ಅವಳ ಮಾತು ಮುಟ್ಟಲಿಲ್ಲ. ಎರಡೂ ಗೊತ್ತಿದ್ದೋನು ನಾನೊಬ್ನೇ. ಬಾಯಿ ಬಿಡಲಿಲ್ಲ, ಹೇಡಿ ನನ್ಮಗ ನಾನು!"

ಟಾರ್ಪಾಲಿನ ಕೆಳಗೆ ಟಕ್ ಎಂದಿತು. ತಗಡಿನ ಡಬ್ಬಿಯನ್ನು ಒತ್ತಿದಾಗ ಬರುವಂಥ ಸದ್ದು. ಅನನ್ಯ ನನ್ನ ತೋಳು ಹಿಡಿದಳು. "ಮಳೆ ಕಣೇ" ಎಂದ ಚಂದ್ರು. ಮಹದೇವಯ್ಯ ತಿರುಗಿಯೂ ನೋಡಲಿಲ್ಲ.

"ಕಾರನ್ನ ಮಿಲ್ಲಿನ ಗೋಡೌನಿಗೆ ತಳ್ಳಿ ಬೀಗ ಹಾಕ್ಬುಟ್ರು. ಮೂವತ್ತು ವರ್ಷ ಹತ್ರ ಹತ್ರ. ಸುಂದರೇಶ ದೊಡ್ಡ ಮನುಷ್ಯ ಆದ. ನಾಲ್ಕು ವರ್ಷದ ಹಿಂದೆ ಗೋಡೌನು ಒಡೆದು ಅಪಾರ್ಟ್‌ಮೆಂಟ್ ಕಟ್ಟೋಕೆ ಹೊರಟಾಗ, ಕೊರಿಯರ್ ಹಂಚೋಕೆ ಹೋಗಿದ್ದ ಅಭಿಲಾಷ್ ಅನ್ನೋ ಹುಡುಗನ ಕಣ್ಣಿಗೆ ಇದು ಬಿತ್ತು. ಇಪ್ಪತ್ತನಾಲ್ಕು ವರ್ಷ, ನಿಮ್ಮಂಗೇ ಹುಚ್ಚ. ಇದ್ದ ಬೈಕು ಮಾರಿ ಕೊಂಡ್ಕೊಂಡು, ರಿಪೇರಿಗೆ ಅಂತ ನನ್ನ ಈ ಶೆಡ್ಡಿಗೇ ತಂದ. ಸೀಟೊಳಗೆ ಇಲಿ ಮರಿ ಹಾಕಿತ್ತು, ನೆಲ ತುಕ್ಕು ಹಿಡಿದು ಕೆಳಗಿನ ರಸ್ತೆ ಕಾಣ್ತಿತ್ತು. ಅವನಿಗೆ ಅದೇ ರಂಭೆ. ಒಂದೊಂದು ಬೋಲ್ಟನ್ನೂ ಸೀಮೆಎಣ್ಣೇಲಿ ನೆನೆಸಿ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜೋನು, ಗಾಜಿನ ರಬ್ಬರಿಗೆ ಅಂತ ಕೊಯಮತ್ತೂರಿಗೆ ಬಸ್ಸಲ್ಲಿ ಹೋಗಿ ಬಂದ, ಕಾರ್ಬುರೇಟರ್ ಬಿಚ್ಚಿ ಜೋಡಿಸಿ ಮತ್ತೆ ಬಿಚ್ಚಿ... ಎಂಟು ತಿಂಗಳು. ಅಷ್ಟು ಪ್ರೀತೀನ ಮನುಷ್ಯರಿಗೆ ತೋರ್ಸಿದ್ರೆ ಮದುವೆನಾದ್ರೂ ಆಗ್ತಿತ್ತು ಕಣೋ ಅಂತಿದ್ದೆ.

"ನಾನ್ಯಾಕೆ ಈ ಕೆಲಸ ಒಪ್ಕೊಂಡೆ? ಭಯ ಸ್ವಾಮಿ. ಬೇರೆಯೋನ ಕೈಗೆ ಹೋದ್ರೆ ಪುಟ್ಟಿ ಕೆರೀತಾನೆ, ಚೂರು ಸಿಗ್ತದೆ. ಬಾನೆಟ್ಟು ಮಾತ್ರ ನನಗೆ ಬುಡು ಅಂದಿದ್ದೆ. ಒಂದಿನ ಮದುವೆ ಊಟಕ್ಕೆ ಹೋಗಿ ಬರೋದ್ರೊಳಗೆ ಆತುರಗೇಡಿ ತಾನೇ ಉಜ್ಜಿ ಬುಟ್ಟವ್ನೆ. 'ತಾತಾ, ಒಳಗೆ ಏನ್ ಸಿಕ್ತು ನೋಡಿ' ಅಂತ ಕೈ ಚಾಚಿದ. ಬಳೆ... ನಾನು ಹೂತಿದ್ದು ಚೂರು ಕಣ್ರಪ್ಪಾ, ಉಗುರಷ್ಟು ಚೂರು. ಅವನ ಕೈಲಿದ್ದದ್ದು ಇಡೀ ಬಳೆ. ಒಂದು ಗೀರಿಲ್ಲ.

"ಅದೃಷ್ಟ ಅಂತ ಅದನ್ನ ಒಳಗಿನ ಕನ್ನಡಿಗೆ ತೂಗುಹಾಕ್ದ. ಅವತ್ತಿಂದ ಶುರು. ಸಂಜೆ ಬಡಿದು ನೇರ ಮಾಡಿದ ಬಾನೆಟ್ಟು ಬೆಳಗ್ಗೆ ಮತ್ತೆ ಒಳಗೆ ಹೋಗಿರೋದು. ಅದೇ ಜಾಗ, ಅದೇ ಮೊರದಷ್ಟು. ಬ್ಯಾಟರಿ ಬಿಚ್ಚಿಟ್ಟಿದ್ದೀವಿ, ದೀಪ ಎದ್ದು ನಿಂತಿರೋವು. ಹುಡುಗ ತಗಡು ಸರಿಯಿಲ್ಲ, ವೈರಿಂಗು ಸರಿಯಿಲ್ಲ ಅಂತಿದ್ದ. ನಾನು ಸುಮ್ನಿದ್ದೆ. ಆಯುಧಪೂಜೆ ಹಿಂದಿನ ದಿನ ಬಡಿದದ್ದು ಮಾತ್ರ ನಿಂತ್ಬುಡ್ತು, ಕನ್ನಡಿ ಥರ. ಬಣ್ಣ ಹೊಡ್ದೆ. ಆವಾಗ ಅಭಿಲಾಷ್ ಅಂದ, 'ಮೊದಲನೇ ಓನರ್ ಕೈಲೇ ನಿಂಬೆಹಣ್ಣಿನ ಮೇಲೆ ಹತ್ತಿಸ್ಬೇಕು ತಾತಾ, ದೊಡ್ಡವ್ರು, ಮರ್ಯಾದೆ' ಅಂತ. ನಾನು ಬೇಡ ಅನ್ಬೋದಿತ್ತು. ಅನ್ಲಿಲ್ಲ. ಮೊದಲನೇ ಸಲ ಬಾಯಿ ಮುಚ್ಚಿದ್ದು ಭಯಕ್ಕೆ. ಈ ಸಲ... ಬರ್ಲಿ ಬಡ್ಡೀಮಗ ಅಂತ ನನಗೇ ಆಸೆ ಆಗೋಗಿತ್ತು.

"ಬಂದ, ಬಿಳೀ ಪಂಚೆ, ಶಲ್ಯ. ಮೂವತ್ತು ವರ್ಷ ಆದ್ಮೇಲೆ ಯಾರಿಗೆ ಹೆದರ್ತಾನೆ? ನನ್ನ ನೋಡಿ ನಕ್ಕು, 'ಏನ್ ಮಹದೇವಯ್ಯ, ಇನ್ನೂ ಬಡೀತಾ ಇದೀಯಾ' ಅಂದ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು, ಮುಂದೆ ಚೆಂಡು ಹೂವಿನ ಹಾರ. ಒಳಗೆ ಕೂತು ಕೀ ತಿರುಗಿಸಿದ. ತಲೆ ಎತ್ತಿ ಕನ್ನಡೀಲಿ ನೇತಾಡ್ತಿದ್ದ ಬಳೆ ನೋಡಿದ. ಅವನ ಮುಖ ಬೂದಿ ಆಗಿದ್ದು ನಾನೊಬ್ಬ ನೋಡ್ದೆ. ಬಾಗಿಲು ತೆಗೆಯೋಕೆ ಹೋದ, ತೆಗೀಲಿಲ್ಲ. ದೀಪ ಎರಡೂ ಎದ್ವು. ಕಾರು ಹೊರಡ್ತು ನೋಡಿ... ಹುಡುಗ ಹಿಂದೆ ಓಡ್ದ. ನಾನು ಬಗ್ಗಿ ನೆಲ ನೋಡ್ದೆ. ನಾಲ್ಕೂ ನಿಂಬೆಹಣ್ಣು ಇಟ್ಟ ಜಾಗದಲ್ಲೇ ಇದ್ವು, ಒಂದೂ ಒಡೆದಿಲ್ಲ. ನಮ್ಮ ಪೂಜೆ ಅವಳಿಗೆ ಬೇಕಾಗಿರಲಿಲ್ಲ.

"ಬೇವಿನ ಮರದ ತಿರುವಲ್ಲಿ ಸಿಕ್ಕಿದ. ಕಾರು ರಸ್ತೆ ಪಕ್ಕ ಅಚ್ಚುಕಟ್ಟಾಗಿ ನಿಂತಿತ್ತು, ಬಾಗಿಲು ಹಾಕಿತ್ತು, ಕೀ ಒಳಗೇ ಇತ್ತು. ಓಡಿಸ್ಕೊಂಡು ಹೋದೋನು ಕಾರಿನ ಮುಂದೆ ಬಿದ್ದಿದ್ದ. ಮುಂದೆ! ಎಂಗೆ ಹೋದ ಅಲ್ಲಿಗೆ? ಒಂದು ಗಂಟೆ ಜೀವ ಇತ್ತಂತೆ. ಹಬ್ಬದ ದಿನ, ಬಾಳೆಕಂದು ಕಟ್ಕೊಂಡು ನೂರಾರು ಗಾಡಿ ಹಾರನ್ ಹೊಡೀತಾ ಹೋದ್ವು, ಒಬ್ಬರ ಕಣ್ಣಿಗೂ ಬೀಳಲಿಲ್ಲ ಅವನು. ಅವಳು ಬಿದ್ದಿದ್ದಷ್ಟೇ ಹೊತ್ತು ಬಿದ್ದಿದ್ದ. ಅಯ್ಯೋ ಅನ್ಸಿತಾ ಅಂದ್ರೆ, ಇಲ್ಲ. ನಿಜ ಹೇಳ್ತೀನಿ, ಇಲ್ಲ.

"ಅಭಿಲಾಷ್ ಈಗ ಸೈಕಲ್ಲೂ ಹತ್ತಲ್ಲ. ಕಾರು ನನ್ನ ಹತ್ರವೇ ಉಳೀತು. ಸೇಡು ತೀರ್ತಲ್ಲ ತಾಯಿ, ಇನ್ನು ಮಲಕ್ಕೋ ಅಂದೆ. ಮಾರನೇ ಬೆಳಗ್ಗೆ ಎದ್ದು ನೋಡಿದ್ರೆ... ಅದೇ ಗುಂಡಿ! ನನ್ನನ್ನ ಅವಳು ಕೊಲ್ಲಲಿಲ್ಲ. ಕೆಲಸಕ್ಕಿಟ್ಕೊಂಡವ್ಳೆ. ದಿನಾ ಬಡೀತೀನಿ, ದಿನಾ ಬೀಳ್ತದೆ. ಒಂದಿನ ಜ್ವರ ಅಂತ ಬುಟ್ಟೆ. ನೋಡಿ ಇಲ್ಲಿ."

ಅಂಗಿಯ ಗುಂಡಿ ಬಿಚ್ಚಿ ಲಾಟೀನು ಹತ್ತಿರ ಹಿಡಿದರು. ಎದೆಯ ಮಧ್ಯೆ ಮೂಳೆ ಒಳಕ್ಕೆ ಹೋಗಿ ಬೊಗಸೆ ನೀರು ನಿಲ್ಲುವಷ್ಟು ಹಳ್ಳ ಬಿದ್ದಿತ್ತು. ಚಂದ್ರು ಮುಖ ತಿರುಗಿಸಿದ.

"ಅವನದ್ದೂ ಆಯ್ತು, ನಂದೂ ಆಯ್ತು, ಇನ್ನೂ ಯಾಕೆ ಅಂತ ಕೇಳ್ದೆ ಅವಳ್ನ. ಆಮೇಲೆ ಹೊಳೀತು. ಕಾರಲ್ಲಿ ಇದ್ದದ್ದು ಇಬ್ರಲ್ವಾ? ಓಡಿಸ್ದೋನು ಗಾಬರೀಲಿ ನಿಲ್ಸಿರ್ಬೋದು. 'ನಡಿಯೋ' ಅಂದೋನು..."

ನನ್ನ ಮೊಬೈಲ್ ಹೊಡೆದುಕೊಂಡಿತು. ಅಪ್ಪ.

"ಎಲ್ಲಿದೀಯ?"

"ಇಲವಾಲ, ಅಪ್ಪಾ. ಒಂದು ಹಳೇ ಕಾರು ನೋಡೋಕೆ ಬಂದೆ. ದೀಪ ಮೇಲೇಳತ್ತಲ್ಲ, ಆ ಥರದ್ದು."

ಅಲ್ಲೂ ಮಳೆ ಸುರಿಯುತ್ತಿರುವುದು ಕೇಳುತ್ತಿತ್ತು. ಆಮೇಲೆ ಅಪ್ಪ ಹೇಳಿದರು, ನಾನು ಎಂದೂ ಕೇಳಿರದ ದನಿಯಲ್ಲಿ: "ಅದನ್ನ ಮುಟ್ಟಬೇಡ. ಅದರ ಮುಂದೆ ನಿಲ್ಲಬೇಡ. ಪಕ್ಕದ ಮನೆಯವರ ಕಾರು ತಗೊಂಡು ನಾನೇ ಬರ್ತಿದೀನಿ."

"ಬೇಡ ಅಪ್ಪಾ, ಬರಬೇಡಿ! ಆ ರಸ್ತೇಲಿ ಬರಬೇಡಿ!" ಎಂದು ಕೂಗಿದೆ. ಫೋನ್ ಕಟ್ಟಾಗಿತ್ತು. ಮತ್ತೆ ಮಾಡಿದೆ, ಹೋಗಲಿಲ್ಲ. ಮೊಬೈಲನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡೆ.

ಟಾರ್ಪಾಲಿನ ಮುಂಭಾಗದಲ್ಲಿ ಎರಡು ಕಡೆ ಬಟ್ಟೆ ನಿಧಾನವಾಗಿ ಮೇಲೆದ್ದಿತು. ಮಹದೇವಯ್ಯ ಅದನ್ನು ನೋಡಿದರು. ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತಿಗೆಯನ್ನು ನೆಲಕ್ಕಿಟ್ಟರು. ಮಣಿಕಟ್ಟನ್ನು ನೀವಿಕೊಳ್ಳುತ್ತಾ ಸುತ್ತಿಗೆಯನ್ನು ನೋಡಿದರು.

"ಇಳೀತು ನೋಡಿ..." ಎಂದರು. "ಬೇವಿನ ಮರ ದಾಟ್ಕೊಂಡೇ ಬರ್ಬೇಕಲ್ವಾ ನಿಮ್ಮಪ್ಪ? ಬರ್ಲಿ ಬುಡಿ. ನಾವೇ ಹುಡುಕ್ಕೊಂಡು ಹೋಗೋದು ತಪ್ತು."