ಹಿತ್ತಿಲಿಗೊಂದು ಡೆಕ್

ಮರದ ಅಂಗಡಿಯ ಬಿಲ್ ಕೌಂಟರಿನ ಸಾಲಿನಲ್ಲಿ, ಒಬ್ಬ ಪೇಂಟರನ ಮುಂದೆ, ಗಂಡ ಹೆಂಡತಿ ನಿಂತಿದ್ದರು. ಹಿತ್ತಿಲಿಗೆ ಡೆಕ್, ಅಂದರೆ ಕೂರಲು ಹಲಗೆ ಹಾಸಿದ ಕಟ್ಟೆ, ಹಾಕಿಸುವ ಮಾತು ನಡೆದಿತ್ತು.

“ಮರಾನೇ ಚೆಂದ ಕಣೇ.”

“ವರ್ಷಾ ವರ್ಷಾ ಎಣ್ಣೆ ಹಚ್ಚೋರು ಯಾರು?”

ಪೇಂಟರನಿಗೆ ‘ನಾನು’ ಎನ್ನಬೇಕೆನಿಸಿತು.

“ಸರಿ ಕಣೇ, ಪ್ಲಾಸ್ಟಿಕ್ ಬೆರೆಸಿದ ಹಲಗೇನೇ ತಗೊಳ್ಳೋಣ. ನೀರು ಇಳಿಯೋಕೆ ಹಲಗೆಗಳ ಮಧ್ಯೆ ಬೆರಳಗಲ ಸಂದು ಬಿಡಿಸ್ಬೇಕು.”

“ಅಷ್ಟು ಬೇಡ. ನಮ್ಮಮ್ಮನ ಊರುಗೋಲು ಸಿಕ್ಕಿಹಾಕ್ಕೊಳ್ಳುತ್ತೆ.”

“ನಮ್ಮನೆ ಹೊಸ್ತಿಲು ತುಳಿಯಲ್ಲ ಅಂತ ಅತ್ತೆ ಆಣೆ ಮಾಡಿದಾರಲ್ಲ?”

“ಡೆಕ್‌ಗೆಲ್ಲಿ ಹೊಸ್ತಿಲು? ಹಿತ್ತಿಲ ಗೇಟಿಂದ ಬಂದು ಕೂತ್ಕೋಬಹುದು.”

ಗಂಡ ಅಂಗಡಿಯವರು ಮಾದರಿಗೆಂದು ಕೊಟ್ಟಿದ್ದ ಹಲಗೆಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದರ ಮೇಲೆ ಅಂಗೈ ಉಜ್ಜಿದ.

“ಇದು ಜಾರುತ್ತೆ. ಬೇರೆ ತೋರಿಸೋಕೆ ಹೇಳೋಣ, ಬಾ.”

ಇಬ್ಬರೂ ಸಾಲು ಬಿಟ್ಟು ಅಂಗಡಿಯ ಒಳಗೆ ಹೋದರು. ಪೇಂಟರ್ ಒಂದು ಹೆಜ್ಜೆ ಮುಂದೆ ಸರಿದ.