ಮತ್ತೊಮ್ಮೆ ರಕ್ತ ತೆಗೆಸಲು

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದ ವಿಜಯಲಕ್ಷ್ಮಿಯ ಪಕ್ಕ ಅಣ್ಣ ತಂಗಿ ಇಬ್ಬರು ಬಂದು ಕುಳಿತರು. ತಂಗಿಗೆ ಮೂವತ್ತರ ಆಸುಪಾಸು. ತುಟಿ, ಉಗುರು ನೇರಳೆ ಹಣ್ಣು ತಿಂದವರಂತೆ ನೀಲಿಗಟ್ಟಿದ್ದವು.

“ಅಣ್ಣಾ, ಈ ಸಲ ರಕ್ತ ತೆಗಸೋದು ಬ್ಯಾಡ.”

“ರಕ್ತ ದಪ್ಪ ಆಗೇತಿ ದಾನೇಶ್ವರಿ. ತೆಗದ್ರ ತಲಿಭಾರ ಇಳಿತೈತಿ.”

“ಹುಟ್ಟಿದಾಗಿಂದ ಎದಿಯಾಗ ತೂತು ಐತಿ, ಅದಕ್ಕ ಮೈ ತಾನಾ ರಕ್ತ ಜಾಸ್ತಿ ಮಾಡ್ಕೊಂತೈತಿ ಅಂದಾರ ಹುಬ್ಬಳ್ಳಿ ಡಾಕ್ಟರು. ತೆಗದು ತೆಗದು ಮೈಯಾನ ಕಬ್ಬಿಣದ ಅಂಶ ಖಾಲಿ ಆಗೇತಂತ. ಹಿಂಗಾ ತೆಗಸಿದ್ರ ಲಕ್ವಾ ಹೊಡದೀತು ಅಂದಾರ.”

“ಅವರು ಒಮ್ಮೆ ನೋಡಿದವರು. ಗಂಗಾವತಿ ಡಾಕ್ಟರು ನಿನ್ನ ಸಣ್ಣಾಕಿ ಇದ್ದಾಗಿಂದ ನೋಡ್ಯಾರ.”

“ಮುಂಜಾನಿಂದ ಬಲಗೈ ಜೋಮು ಹಿಡದೈತಿ.”

“ಅದಕ್ಕಾ ಲಗೂನ ಹೋಗೂಣು ಅಂದೆ.”

ವಿಜಯಲಕ್ಷ್ಮಿಗೆ ತಡೆಯಲಾಗಲಿಲ್ಲ. “ಹುಬ್ಬಳ್ಳಿಗೇ ಕರ್ಕೊಂಡು ಹೋಗ್ರೀ ಅಣ್ಣಾರ. ಕೈ ಜೋಮು ಅಂದ್ರ ಭಾಳ ಕೆಟ್ಟದ್ದರಿ.”

“ನಮ್ಮ ಬಸ್ ಬಂತ್ರೀ ಅಕ್ಕಾರ,” ಎಂದು ಅವನು ಎದ್ದ.

ಬಸ್ಸಿನ ಮೆಟ್ಟಿಲ ಮೇಲೆ ದಾನೇಶ್ವರಿ ತಿರುಗಿ ಏನೋ ಹೇಳಲು ಹೋದಳು. ನಾಲಿಗೆ ತೊದಲಿತು, ಒಂದು ಪದವೂ ತಿಳಿಯಲಿಲ್ಲ.

“ಏನಂದ್ಯವಾ?” ಎಂದಳು ವಿಜಯಲಕ್ಷ್ಮಿ.

ಹಿಂದಿನವರು ನೂಕಿದರು. ಅಣ್ಣ ಅವಳ ತೋಳು ಹಿಡಿದು ಒಳಗೆ ಹತ್ತಿಸಿಕೊಂಡ. ವಿಜಯಲಕ್ಷ್ಮಿ ಕೂಗುತ್ತ ಓಡುವಷ್ಟರಲ್ಲಿ ಬಸ್ಸು ಗಂಗಾವತಿಯ ದಾರಿ ಹಿಡಿದಿತ್ತು.